ಐಸಾಕನಿಗೆ ಉಳಿದ 'ಗೋ ಆನ್'

ಲಕ್ವ ಹೊಡೆದ ಮೇಲೆ ಐಸಾಕ್ ಟೈಸನ್‌ನ ಬಾಯಲ್ಲಿ ಉಳಿದದ್ದು ಒಂದೇ ಮಾತು, 'ಗೋ ಆನ್'. ಮಿಕ್ಕಿದ್ದೆಲ್ಲ, ಹೆಂಡತಿ ಹಿಲ್ಡಾಳ ಹೆಸರು ಸಮೇತ, ಹೊರಟುಹೋಗಿತ್ತು. ಉಳಿಸಿಕೊಳ್ಳುವುದೇ ಆದರೆ ಇನ್ನೊಂದು ಒಳ್ಳೇ ಮಾತು ಉಳಿಸಿಕೊಳ್ಳಬಾರದಿತ್ತೇ ಎಂದು ಹಿಲ್ಡಾ ಮೊದಮೊದಲು ಅತ್ತಳು. ಆಮೇಲಾಮೇಲೆ ಸಿಡುಕತೊಡಗಿದಳು.

ಹಾಗೆ ನೋಡಿದರೆ ಆ ಕಣಿವೆಯ ಕುರಿ ಸಾಕುವ ಜನಕ್ಕೆ ಅದಕ್ಕಿಂತ ಬಳಕೆಯ ಮಾತು ಬೇರೊಂದಿಲ್ಲ. ಚಹಾ ಬೇಕಾ ಅಂದರೆ ಅಲ್ಲಿ ಯಾರೂ ಮೊದಲ ಸಲಕ್ಕೇ ಹೂಂ ಅನ್ನುವುದಿಲ್ಲ. ಬೇಡ ಬೇಡ ಎನ್ನುತ್ತ ಬಾಗಿಲ ತನಕ ಹೋಗಿ, ಇನ್ನೊಮ್ಮೆ ಕೇಳಿಸಿಕೊಂಡು, 'ಗೋ ಆನ್' ಅಂತ ಬಂದು ಕೂತುಬಿಡುತ್ತಾರೆ. ಯಾರಾದರೂ ಬುರುಡೆ ಬಿಟ್ಟರೆ 'ಗೋ ಆನ್', ಅಂದರೆ ಹೋಗಯ್ಯಾ, ನಿನ್ನಂಥವರನ್ನ ಬೇಕಾದಷ್ಟು ನೋಡಿದ್ದೀನಿ ಅಂತ. ಹೇಳುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದರೂ 'ಗೋ ಆನ್', ಆಮೇಲೇನಾಯಿತು ಹೇಳು ಮಾರಾಯ. ಪಾದ್ರಿಯ ಉಪದೇಶ ಮುಗಿಯದೆ ಎಳೆದಾಗಲೂ, ಎಷ್ಟು ಹೊತ್ತು ಕೊರೀತಾನಪ್ಪಾ ಅಂತ, ಅದೇ ಮಾತು. ನಾಯಿಯನ್ನು ಗುಡ್ಡಕ್ಕೆ ಅಟ್ಟುವಾಗಲಂತೂ ಅದು ಇದ್ದೇ ಇದೆ.

ಆದರೂ ಬೆಳಗಿಂದ ಸಂಜೆಯ ತನಕ ಅದೊಂದನ್ನೇ ಕೇಳಿದರೆ ಯಾರಿಗೆ ತಲೆ ಕೆಡುವುದಿಲ್ಲ ಹೇಳಿ? ಮಾತು ಕಲಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಹುಡುಗಿ, "ಅವರನ್ನ ಕೇಳಿ, ಕೇಳಿ ಸುಮ್ನೆ ಕಾಯಿರಿ. ನೀವೇ ಉತ್ತರ ಹೇಳ್ಬಿಡಬೇಡಿ" ಎಂದು ಬಂದಾಗಲೆಲ್ಲ ಹೇಳುತ್ತಿದ್ದಳು. ಕಾಯುವುದೆಂದರೆ ಹಿಲ್ಡಾಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. "ಸೂಪ್ ಕುಡೀತೀಯಾ? ಹೂಂ, ಕುಡೀತೀಯ. ಬಾ ಕೂತ್ಕೋ" ಎಂದು ಪ್ರಶ್ನೆ, ಉತ್ತರ ಎರಡೂ ಅವಳದೇ.

ನಾಯಿಯ ವಿಷಯವನ್ನೂ ಹಾಗೇ ತೀರ್ಮಾನಿಸಿಬಿಟ್ಟಳು. ಬೆಸ್ ಎಳೇ ವಯಸ್ಸಿನ ಕುರಿನಾಯಿ, ಐಸಾಕನೇ ಮರಿಯಿಂದ ಪಳಗಿಸಿದ್ದು. ಅವನಿಗೆ ಲಕ್ವ ಹೊಡೆದಂದಿನಿಂದ ಅದು ಅಂಗಳದ ಗೂಡಿನಲ್ಲೇ ಬಿದ್ದಿತ್ತು. ಓಡುವ ನಾಯಿಯನ್ನು ಹಾಗೆ ಕೂಡಿಹಾಕಿದರೆ ಕೆಟ್ಟುಹೋಗುತ್ತದೆ. ಐಸಾಕನ ತುಟಿ ಒಂದು ಕಡೆಗೆ ಜೋತುಬಿದ್ದು ಸಿಳ್ಳೆಯೂ ಬರುತ್ತಿರಲಿಲ್ಲ. ಇನ್ನು ಅದನ್ನು ದುಡಿಸುವವರು ಯಾರು? ದಿನಾ ಬೆಳಗ್ಗೆ ಗೂಡಿನ ಮುಂದೆ ಸ್ಟೂಲ್ ಹಾಕಿಕೊಂಡು ಐಸಾಕ್ 'ಗೋ ಆನ್, ಗೋ ಆನ್' ಎಂದು ಗೊಣಗುತ್ತಿದ್ದ. "ಏನು ಜಪವೋ ಏನೋ! ಒಳಗೆ ಬಾ, ಥಂಡಿ ಹಿಡಿಯುತ್ತೆ" ಎಂದು ಹಿಲ್ಡಾ ಎಳೆದುಕೊಂಡು ಬರುತ್ತಿದ್ದಳು. ಆ ಸಂಕಟ ನೋಡಲಾರದೆಯೇ ಹೊಳೆಯ ಆಚೆ ದಡದಲ್ಲಿ ಕುರಿ ಸಾಕಿದ್ದ ಜೋಸ್ ಬರ್ಕೆಟ್‌ಗೆ, ನಾಯಿಯನ್ನು ನೀನೇ ತಗೊಂಡು ಹೋಗು ಎಂದಿದ್ದಳು. ಐಸಾಕನಿಗೆ ತಿಳಿಸಿದಾಗ ಅವನು 'ಗೋ ಆನ್' ಅಂದ. "ನೋಡಿದ್ಯಾ, ನೀನೂ ಒಪ್ಪಿದೆ" ಎಂದು ಹಿಲ್ಡಾ ಪಾತ್ರೆ ತೊಳೆಯಲು ಹೋದಳು.

ಊರಿನವರೆಲ್ಲ ಸಾಲುಗಟ್ಟಿ ನಿಂತು ಗುಡ್ಡದ ಕುರಿಗಳನ್ನು ಕೆಳಗಿಳಿಸುವ ಶನಿವಾರ ಹತ್ತಿರ ಬಂದಿತ್ತು. ಅದಕ್ಕೆ ಮುಂಚೆಯೇ ಜೋಸ್ ಹಗ್ಗ ಹಿಡಿದುಕೊಂಡು ಬಂದ.

"ಕರ್ಕೊಂಡು ಹೋಗೋಕೆ ಮುಂಚೆ ಒಂದ್ಸಲ ಓಡಿಸಿ ನೋಡ್ತೀನಿ," ಅಂದ. "ಎಡಕ್ಕೆ ಏನಂತಿದ್ದ, ಬಲಕ್ಕೆ ಏನಂತಿದ್ದ, ನಿನಗೆ ಗೊತ್ತಾ?"

"ಗೊತ್ತಿಲ್ದೆ ಏನು! ಮದುವೆ ಆದಾಗಿಂದ ಕೇಳ್ತಾನೇ ಇದ್ದೀನಿ, ನಿದ್ದೇಲೂ ಅದನ್ನೇ ಕೂಗೋನು."

ಹಿಲ್ಡಾ ಒಂದೊಂದೇ ಮಾತು ಹೇಳಿಕೊಟ್ಟಳು. ಮನೆಯ ಹಿಂದಿನ ಹೊಲದಲ್ಲಿ ನಿಂತು ಜೋಸ್ ಅವನ್ನೇ ಕೂಗಿದ. ಬೆಸ್ ಅವನ ಮುಖ ನೋಡಿತು, ಮನೆಯ ಕಡೆ ನೋಡಿತು. ಗಂಟಲು ಹರಿಯುವಂತೆ ಕೂಗಿದ ಮೇಲೆ ಅಡ್ಡಾದಿಡ್ಡಿ ಓಡಿತು. ಕುರಿಗಳು ಬೆದರಿ, ಕಲ್ಲುಗೋಡೆ ಕುಸಿದಿದ್ದ ಕಡೆಗೆ ನುಗ್ಗಿದವು. ಗೋಡೆ ದಾಟಿದರೆ ರಸ್ತೆ.

"ಥೂ, ಎಂಥ ದಡ್ಡ ನಾಯೀನಪ್ಪಾ!" ಎಂದು ಜೋಸ್ ಟೋಪಿಯನ್ನು ನೆಲಕ್ಕೆ ಕುಕ್ಕಿದ.

ಆಗ ಗೇಟಿನ ಕಡೆಯಿಂದ ದನಿ ಬಂತು. "ಗೋ ಆನ್."

ಕೋಲೂರಿಕೊಂಡು ಬಂದ ಐಸಾಕ್ ಗೇಟಿಗೆ ಮೈ ಆನಿಸಿ ನಿಂತಿದ್ದ. ದನಿ ತೆಳ್ಳಗೆ ಮೇಲಕ್ಕೆ ಏರಿತ್ತು. ಬೆಸ್ ಬಿಲ್ಲಿನಂತೆ ಬಾಗಿ ಎಡಕ್ಕೆ ಓಡಿ ಗೋಡೆಯ ಸಂದಿಗೆ ಅಡ್ಡ ನಿಂತಿತು. "ಗೋ ಆನ್, ಗೋ ಆನ್." ಈಗ ಚುಟುಕಾಗಿ, ಎರಡೇಟು ಹೊಡೆದ ಹಾಗೆ. ಬೆಸ್ ಬಲಕ್ಕೆ ಸುತ್ತಿತು. ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಗುಂಪಾದವು. ಆಮೇಲಿನದು ಗಂಟಲಾಳದಿಂದ ಬಂತು, ಎಳೆದೆಳೆದು ಕೆಳಕ್ಕಿಳಿದ ಒಂದು ಗೋ ಆನ್. ಬೆಸ್ ಇದ್ದಲ್ಲೇ ಹುಲ್ಲಿಗೆ ಹೊಟ್ಟೆ ಅಂಟಿಸಿ ಮಲಗಿತು.

ಹಿಲ್ಡಾಗೆ ಆಗ ಹೊಳೆಯಿತು. ದಿನಾ ಬೆಳಗ್ಗೆ ಗೂಡಿನ ಮುಂದೆ ನಡೆಯುತ್ತಿದ್ದದ್ದು ಗೊಣಗಾಟವಲ್ಲ. ಹಳೇ ಸಿಳ್ಳೆಗಳ ರಾಗವನ್ನು ಆ ಒಂದೇ ಮಾತಿಗೆ ಹಾಕಿ ಅವನು ನಾಯಿಗೆ ಪಾಠ ಹೇಳುತ್ತಿದ್ದ! ಬಾಯಿತುಂಬ ಮಾತಿಟ್ಟುಕೊಂಡ ತಾನು ಆ ಪಾಠವನ್ನು ಅರ್ಧಕ್ಕೆ ಬಿಡಿಸಿ ಅವನನ್ನು ಒಳಗೆ ಎಳೆದುಕೊಂಡು ಬರುತ್ತಿದ್ದಳಲ್ಲ!

ಜೋಸ್ ಟೋಪಿ ಎತ್ತಿಕೊಂಡು ಮಣ್ಣು ಕೊಡವಿದ. "ನಾನು ನಿನ್ನ ಮಾತು ಕೇಳಿ ಬಂದೆ, ಹಿಲ್ಡಾ. ಅವನನ್ನ ಕೇಳಿದ್ಯಾ?"

"ಹೇಳಿದ್ದೆ."

"ಹೇಳೋದು ಬೇರೆ ಕಣಮ್ಮ."

ಹಿಲ್ಡಾ ಗೇಟಿನ ಹತ್ತಿರ ಹೋದಳು. ಬೆಸ್ ಆಗಲೇ ಐಸಾಕನ ಕಾಲ ಬಳಿ ಬಂದು ನಿಂತು ಅವನ ಮುಖವನ್ನೇ ನೋಡುತ್ತಿತ್ತು.

"ಐಸಾಕ್, ಬೆಸ್ ಜೋಸ್ ಜೊತೆ ಹೋಗ್ಲಾ, ಇಲ್ಲೇ ಇರ್ಲಾ?"

ಉತ್ತರ ಅವಳ ನಾಲಿಗೆಯ ತುದಿಗೇ ಬಂದಿತ್ತು. ತುಟಿ ಕಚ್ಚಿ ಹಿಡಿದಳು. ಐಸಾಕನ ಬಾಯಿ ತೆರೆಯಿತು, ಮುಚ್ಚಿತು, ಹಣೆಯ ನರ ಉಬ್ಬಿತು. ಆ ಕಷ್ಟ ನೋಡುತ್ತ ಸುಮ್ಮನೆ ನಿಲ್ಲುವುದು ಅವಳಿಗೆ ಎಷ್ಟು ಕಠಿಣವಾಯಿತೆಂದು ಅವಳಿಗೇ ಗೊತ್ತು. ಆದರೂ ನಿಂತಳು.

"ಗೋ... ಆನ್," ಎಂದ ಐಸಾಕ್, ಗಂಟಲಾಳದಿಂದ, ಎಳೆದೆಳೆದು, ಕೆಳಕ್ಕೆ.

ಬೆಸ್ ಕಾಲು ಮಡಚಿ ಅವನ ಬೂಟಿನ ಮೇಲೆ ಗದ್ದವಿಟ್ಟು ಮಲಗಿತು.

ಜೋಸ್ ಹಗ್ಗ ಸುತ್ತಿ ಜೇಬಿಗೆ ತುರುಕಿದ. "ಶನಿವಾರ ಬಂಡೆ ಪಕ್ಕದ ನಿನ್ನ ಜಾಗಕ್ಕೆ ಬೇರೆ ಯಾರನ್ನೂ ನಿಲ್ಸಲ್ಲ ಕಣೋ ಮುದಿಯಾ," ಅಂದ. "ಅಲ್ಲೀತನಕ ಗಾಡೀಲಿ ಬಿಡ್ತೀನಿ. ನೀನು ಗೋಡೆಗೆ ಒರಗಿ ನಿಂತ್ಕೊಂಡು ಕೂಗು, ಸಾಕು."

"ಚಹಾ ಕುಡ್ಕೊಂಡು ಹೋಗು," ಎಂದಳು ಹಿಲ್ಡಾ, ಕಣ್ಣೊರೆಸಿಕೊಳ್ಳುತ್ತ.

"ಬೇಡ ಬೇಡ, ಹೊತ್ತಾಯ್ತು."

ಅವಳು ಗಂಡನ ಕಡೆ ತಿರುಗಿದಳು. "ನಿನಗೆ?" ಎಂದು ಕೇಳಿ ಮತ್ತೆ ಕಾದಳು.

"ಗೋ ಆನ್," ಎಂದ ಐಸಾಕ್. ಸಲೀಸಾಗಿ, ಹಿಂದೆಲ್ಲ ಅನ್ನುತ್ತಿದ್ದ ಹಾಗೇ.

ಗೇಟು ದಾಟಿ ಹೋಗಿದ್ದ ಜೋಸ್ ನಿಂತ. ಗಡ್ಡ ಕೆರೆದುಕೊಂಡ. "ಅವನು ಕುಡಿಯೋದಾದ್ರೆ ನನಗೂ... ಗೋ ಆನ್."

ಐಸಾಕ್ ನಕ್ಕುಬಿಟ್ಟ. ಬಾಯಿ ಸೊಟ್ಟಗಾಗಿ, ಜೊಲ್ಲು ಸೋರಿ, ಭುಜ ಕುಲುಕುವಂತೆ ನಕ್ಕ. ಲಕ್ವ ಹೊಡೆದ ಮೇಲೆ ಹಿಲ್ಡಾ ಆ ನಗು ಕೇಳಿದ್ದು ಅದೇ ಮೊದಲು. ಅವಳು ಏನೂ ಹೇಳದೆ ಅವನ ಜೊತೆ ನಿಂತು ಅದು ಮುಗಿಯುವ ತನಕ ಕಾದಳು.