ಚಿನ್ನದ ಹಾಳೆಯ ಪಿಕಪ್

"ಇದು ಸತ್ತೋಗೈತೆ." ಮುನಿಗಂಗಮ್ಮ ರೇಷ್ಮೆಗೂಡೊಂದನ್ನು ಕಿವಿಯ ಹತ್ತಿರ ಅಲುಗಿಸಿ ಬೇರೆ ಬುಟ್ಟಿಗೆ ಎಸೆದಳು. "ಹುಳ ಒಳಗೇ ಕರಗಿ ಅಂಟ್ಕೊಂಡ್ರೆ ಸದ್ದು ಬರಲ್ಲ ಕಣಪ್ಪ. ನೋಡಕ್ಕೆ ಮಾತ್ರ ಬೆಳ್ಳಗೆ."

ಮಗ ಭಾನುಪ್ರಕಾಶ, ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನ ಕೈ ನಿಧಾನವಾಗಿತ್ತು. ಅವನಿಗೂ ನಿಧಾನವೇ ಬೇಕಾಗಿತ್ತು. ಚಂದ್ರಿಕೆ ಬರಿದಾಗುತ್ತ ಬಂದಿತ್ತು.

ಹುಳ ಹಣ್ಣಾಗಿ ಗೂಡು ಕಟ್ಟತೊಡಗಿದ ಮೇಲೆ ಅದನ್ನು ಬಿಡಿಸುವ ತನಕ ಮನೆಯವರು ಊರು ಬಿಡಬಾರದೆಂಬುದು ಅಜ್ಜಿಯ ಕಟ್ಟಳೆ. ಅವನು ನಂಬುತ್ತಿದ್ದ ಕಟ್ಟಳೆ ಅದೊಂದೇ. ಒಂದು ಬೆಳೆ ಇಳಿಯುವಷ್ಟರಲ್ಲಿ ಮುಂದಿನ ಮರಿಹುಳ ಕಳಿಸಲು ತಾನೇ ಹೇಳಿಬರುತ್ತಿದ್ದ, ಊರು ಬಿಡುವ ದಿನ ಬರದಂತೆ.

ಫೋನು. ಗೌರಿಬಿದನೂರಿನಿಂದ ಹೆಂಡತಿ ಕಲ್ಯಾಣಿ. ಅಲ್ಲಿ ಅವಳಿಗೆ ಟೀಚರ್ ಕೆಲಸ.

"ಬಿಡ್ಸಿ ಆಯ್ತಾ?"

"ಇನ್ನೂ ಸ್ವಲ್ಪ ಐತೆ."

"ಹುಳಕ್ಕಾದ್ರೂ ಗೊತ್ತಾಗ್ತದೆ, ಯಾವಾಗ ಹಣ್ಣಾಗ್ಬೇಕು ಅಂತ. ಬರ್ತೀರೋ ಇಲ್ವೋ, ಕಾಗದದಲ್ಲಿ ಬರ್ದು ಕಳ್ಸಿ ಅಂದಿದ್ದೆ. ಬಾಯಲ್ಲಿ ನೀವು ಹ್ಞೂಂ ಅಂದ್ರೂ ಒಂದೇ, ಉಹೂಂ ಅಂದ್ರೂ ಒಂದೇ."

"ಬರ್ದಿದೀನಿ."

"ಕಳ್ಸಿಲ್ಲ. ಈ ವಾರ ಬರದಿದ್ರೆ ನಮ್ಮಿಬ್ರಿಗೇಂತ ಮಾಡಿರೋ ಮನೆ ಬಿಟ್ಬಿಡ್ತೀನಿ. ಆಮೇಲೆ ಕೇಳಲ್ಲ."

ಅವನು ಏನೋ ಹೇಳುವಷ್ಟರಲ್ಲಿ ಫೋನು ಸತ್ತಿತ್ತು. 

ಕೊನೆಯ ಗೂಡು ಬಿಡಿಸಿ ಕೋಣೆಗೆ ಹೋದ. ಗಿಟಾರಿನ ಚೀಲದ ಜೇಬಿನಲ್ಲಿ ಕಾಗದ ಹಾಗೇ ಇತ್ತು. ಅಂಟಿಸಿದ್ದ, ಸ್ಟಾಂಪೂ ಹಚ್ಚಿದ್ದ. ಒಳಗೆ ಒಂದೇ ಮಾತು: ಬರುತ್ತೇನೆ.

ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಮೂಲೆಯ ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿ ಸ್ವಿಚ್ಚು ಹಾಕಿದ. ಅಗ್ಗದ್ದು. ಮರ ಹಗುರ, ತಂತಿ ಬಿಗಿಸುವ ಕಿವಿ ತಿರುವಿದರೆ ಕಿರ್ರೆನ್ನುತ್ತದೆ. ಆದರೆ ತಂತಿಗಳ ಕೆಳಗೆ ಅವುಗಳ ಕಂಪನ ಹಿಡಿಯುವ ಎರಡು ಪಿಕಪ್ಪುಗಳಿಗೆ ಚಿನ್ನದ ಬಣ್ಣದ ಹಾಳೆ ಹೊದಿಸಿತ್ತು. ಅದರಡಿ ಅಯಸ್ಕಾಂತ, ಅದಕ್ಕೆ ಕೂದಲಿನಷ್ಟು ಸಣ್ಣ ತಾಮ್ರದ ಎಳೆಯ ಸುತ್ತು, ಸಾವಿರಾರು ಸುತ್ತು. ದುಬಾರಿಯವನ್ನು ಮೇಣದಲ್ಲಿ ಅದ್ದಿ ಎಳೆ ಅಲುಗದಂತೆ ಮಾಡುತ್ತಾರೆ. ಇದಕ್ಕೆ ಮೇಣವಿಲ್ಲ. ಹತ್ತಿರ ಯಾರು ಮಾತಾಡಿದರೂ ಹಿಡಿದುಬಿಡುತ್ತದೆ. ಆ ದೋಷಕ್ಕೇ ಅವನು ಇದನ್ನು ಕೊಂಡಿದ್ದ. ಮೀಟಿದರೆ ದನಿಗೆ ಒಂದು ಒರಟು ಉಸಿರು ಸೇರುತ್ತಿತ್ತು, ಜೀವವಿದ್ದಂತೆ.

ಕಾಫಿ ತಂದ ಅಮ್ಮ ಬಗ್ಗಿ, ಪಿಕಪ್ಪಿಗೆ ಮೂಗು ತಾಗುವಂತೆ ನೋಡಿದಳು.

"ಒಡವೆ ಡಬ್ಬಿ ಇದ್ದಂಗೈತೆ. ಕಲ್ಯಾಣಿ ಹತ್ರ ಇದನ್ನೂ ತಗೊಂಡೋಗ್ತೀಯಾ?"

ಮೂಲೆಯ ಆಂಪ್ಲಿಫೈಯರು ಅವಳದೇ ಮಾತನ್ನು ತಗಡಿನ ದನಿಯಲ್ಲಿ ಆಡಿತು. ಅವಳು ನಕ್ಕಳು.

"ಒಳಗ್ಯಾವಳೋ ಮುದುಕಿ ಕೂತವ್ಳೆ."

"ನೀನೊಬ್ಳೇ ಹುಳ ನೋಡ್ಕೊಳ್ಳೋದು..."

"ಮುನೇಶ ಇಲ್ವಾ ಆಳು? ನಾನ್ಯಾವತ್ತಾದ್ರೂ ಹೋಗ್ಬೇಡ ಅಂದಿದ್ನಾ?"

ಅಂದಿದ್ನಾ, ಎಂದಿತು ಮೂಲೆ.

ಅವಳು ಲೋಟ ಇಟ್ಟು ಹೊರಟಳು.  ಅಮ್ಮ ಬಿಡುವುದಿಲ್ಲವೆಂದು ಅವನು ಇಷ್ಟು ದಿನ ಒರಗಿದ್ದ ಗೋಡೆ ಅಲ್ಲಿರಲೇ ಇಲ್ಲ.

ಬಗ್ಗಿ, ಚಿನ್ನದ ಹಾಳೆಗೆ ತುಟಿ ತಂದು, "ಬರ್ತೀನಿ," ಎಂದ.

ಆಂಪ್ಲಿಫೈಯರು ಬರೀ ಗುಂಯ್ ಎನ್ನುತ್ತಲೇ ಇತ್ತು, ಅವನ ಮಾತನ್ನು ಆಡಲಿಲ್ಲ. ಮೆಲ್ಲಗೆ ಹೇಳಿದ್ದನೇನೋ. ಮತ್ತೆ ಹೇಳಲಿಲ್ಲ. ಸ್ವಿಚ್ಚು ಆರಿಸಿ, ಕಾಗದ ತೆಗೆದುಕೊಂಡು ಹೊರಬಿದ್ದ.

ಬಸ್ ನಿಲ್ದಾಣದ ಬಳಿ ಅಂಚೆ ಡಬ್ಬಿಗೆ ಬಿಸಿಲು ಬಡಿಯುತ್ತಿತ್ತು. ಗೂಡಿನ ಮೂಟೆ ಹೊತ್ತ ಆಟೋ ಶಿಡ್ಲಘಟ್ಟದ ಕಡೆ ಹೋಯಿತು. ಲಕೋಟೆ ಹಿಡಿದ ಕೈ ತಾನಾಗಿ ಮೇಲೆದ್ದಿತು. ಕಿವಿಯ ಹತ್ತಿರ ಅಲುಗಿಸಿದ.

ಬೆಳ್ಳಗಿತ್ತು. ಸದ್ದು ಬರಲಿಲ್ಲ.

ಡಬ್ಬಿಯೊಳಕ್ಕೆ ಬಿಟ್ಟ.