ಬಲಗಡೆಯ ತೊಟ್ಟಿ

ನಮ್ಮ ಅಡುಗೆಮನೆಯ ಸಿಂಕ್ ನೋಡಿದವರು ಈಗಲೂ ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನಾನು ಚಹಾ ಸೋಸುವ ನೆಪ ಮಾಡಿ ಮುಖ ತಿರುಗಿಸಿಕೊಳ್ಳುತ್ತೇನೆ. 2001ರಲ್ಲಿ ಹಳಿಯಾಳದ ನಮ್ಮ ಬಡಾವಣೆಯಲ್ಲಿ ಎರಡು ತೊಟ್ಟಿಯ ಸಿಂಕ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದೇ ಬೇಕು ಎಂದು ಹಟ ಹಿಡಿದವಳು ನಾನು. ಯಾಕೆ ಬೇಕು ಎಂಬುದನ್ನು ನನ್ನ ಗಂಡ ವೀರೇಶ ಅವರಿಗೂ ಹೇಳಿರಲಿಲ್ಲ.

ನಮ್ಮ ಹಳೆ ಮನೆಗೆ ಹಿತ್ತಲಿತ್ತು. ಹಿತ್ತಲಲ್ಲಿ ಒಂದು ಒಗೆಯುವ ಕಲ್ಲು, ಅದರ ಪಕ್ಕದ ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಒಂದು ತಾಟು, ಚಹಾ ಕುಡಿಯುವ ಒಂದು ವಾಟಗ ಬೋರಲು ಹಾಕಿರುತ್ತಿದ್ದವು. ಅವು ನಾನಿಬಾಯಿಯವು. ನಾನಿಬಾಯಿ ಎಂದರೆ ಊರ ಹೊರಗಿನ ತಾಂಡಾದಿಂದ ದಿನವೂ ನಡೆದು ಬಂದು ನಮ್ಮ ಮುಸುರೆ ತಿಕ್ಕುವವಳು. ಕೆಲಸ ಮುಗಿದ ಮೇಲೆ ಗೂಡಿನಿಂದ ತಾಟು ತೆಗೆದು, ಹಿತ್ತಲ ಮೆಟ್ಟಿಲ ಮೇಲೆ ಕೂತು ಉಂಡು, ಆ ಕಲ್ಲಿನ ಮೇಲೇ ತೊಳೆದು ಮತ್ತೆ ಗೂಡಿಗೆ ಇಡುತ್ತಿದ್ದಳು. ನಾನು ಸೊಸೆಯಾಗಿ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ಹೀಗೇ ನಡೆದಿತ್ತು. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆ ಶಿವವ್ವ, "ನಾವು ಲಿಂಗಾ ಕಟ್ಟಿದವರು, ಅವರು ಮಾಂಸ ತಿನ್ನಾವ್ರು" ಎಂದು ಒಮ್ಮೆ ಹೇಳಿದ್ದರು. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ. ಕಲ್ಲು ಇತ್ತಲ್ಲ, ಮಾತು ಯಾಕೆ ಬೇಕು?

ನನ್ನ ಮಗಳು ಹುಟ್ಟಿದಾಗ ಮೂರು ತಿಂಗಳು ಅವಳನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆದವಳು ಇದೇ ನಾನಿಬಾಯಿ. ನಾವು ಉಣ್ಣುವ ಒಂದೊಂದು ಪಾತ್ರೆಯನ್ನೂ ತೊಳೆಯುವುದು ಅವಳ ಕೈಯೇ. ಅವಳು ಉಂಡ ತಾಟು ಮಾತ್ರ ಆ ಪಾತ್ರೆಗಳ ಜೊತೆ ಸೇರಬಾರದು. ಇದರಲ್ಲಿರುವ ಹುಚ್ಚುತನ ನನಗೆ ಆಗ ಕಾಣಲೇ ಇಲ್ಲ. ಹೆಸರಿಗೆ ಧಾರವಾಡದಲ್ಲಿ ಬಿ.ಎ. ಮಾಡಿದವಳು ನಾನು.

ಹೊಸ ಮನೆಗೆ ಹಿತ್ತಲಿರಲಿಲ್ಲ. ಅಡುಗೆಮನೆಯ ಗೋಡೆ ದಾಟಿದರೆ ಕಂಪೌಂಡೇ. ಹಾಗಾದರೆ ನಾನಿಬಾಯಿಯ ತಾಟು ಎಲ್ಲಿ ತೊಳೆಯಬೇಕು? ಮುಖ ನೋಡಿ ಹೇಳಲು ನನಗೆ ಬಾಯಿ ಬಾರದು, ಬಿಟ್ಟುಬಿಡಲು ಮನಸ್ಸು ಬಾರದು. ದಾಂಡೇಲಿಯ ಅಂಗಡಿಯಲ್ಲಿ ಎರಡು ತೊಟ್ಟಿಯ ಸಿಂಕ್ ಕಂಡ ಕೂಡಲೇ ನನ್ನ ತಲೆ ಓಡಿತು. ಎಡಗಡೆಯದು ನಮಗೆ, ಬಲಗಡೆಯದು ಅವಳ ತಾಟಿಗೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆ ದಿನ ನಾನಿಬಾಯಿಯೂ ನಮ್ಮ ಜೊತೆ ಬಂದಿದ್ದಳು. ಅವಳ ಮಗ ಮಾಲತೇಶ ದಾಂಡೇಲಿಯಲ್ಲಿ ನಳದ ಕೆಲಸ ಮಾಡುತ್ತಿದ್ದ. ಸಿಂಕ್ ಕೂರಿಸುವವನು ಅವನೇ ಎಂದು ಮಾತಾಗಿತ್ತು.

"ಒಂದರಾಗ ತಿಕ್ಕೂದು, ಇನ್ನೊಂದರಾಗ ಜಾಲಿಸೂದು, ಭಾಳ ಸಲೀಸ ನೋಡ್ರಿ" ಎಂದ ಅಂಗಡಿಯವನು.

"ಸಿಂಗಲ್ ಸಾಕಲ್ಲ ಉಮಾ" ಎಂದರು ನಮ್ಮವರು.

ನಾನಿಬಾಯಿ ಬಳೆ ಮೇಲೆ ಸರಿಸಿ, ತೊಟ್ಟಿಯೊಳಗೆ ಕೈ ಇಳಿಬಿಟ್ಟು ಗೇಣು ಹಾಕಿ ಅಳೆದಳು. "ಅಕ್ಕಾರ, ಹೂರಣದ ಬೋಗೋಣಿ ಇದರಾಗ ಹಿಡಿಯಂಗಿಲ್ರಿ. ರೊಟ್ಟಿ ಹಂಚೂ ಹಿಡಿಯಂಗಿಲ್ಲ. ಒಂದ ದೊಡ್ಡದ ಇದ್ರ ಛಲೋ."

ದಿನಾ ಅದರಲ್ಲಿ ಕೈ ಆಡಿಸುವವಳು ಅವಳು. ಅವಳ ಮಾತು ಕೇಳುವುದು ಬಿಟ್ಟು ನಾನು ಬಾಯಿಗೆ ಬಂದ ಸುಳ್ಳು ಹೇಳಿದೆ. "ನಿನಗ ಸಲೀಸ ಆಗಲಿ ಅಂತನ ತಗೊಳ್ಳಾಕತ್ತೇನಿ, ನಾನಿಬಾಯಿ."

ಅವಳ ಮುಖ ಅರಳಿತು. ಹಳಿಯಾಳಕ್ಕೆ ಮರಳುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಕೇಳಿಸುವ ಹಾಗೆ ಹೇಳಿದಳು: "ನಮ್ಮ ಅಕ್ಕಾರು ನನ್ನ ಸಲುವಾಗಿ ಎರಡ ತೊಟ್ಟಿದು ತಗೊಂಡ್ರು." ನಾನು ಊರು ಬರುವತನಕ ಕಿಟಕಿಯ ಹೊರಗೇ ನೋಡುತ್ತ ಕೂತೆ.

ಮಾಲತೇಶ ಮುಂದಿನ ವಾರ ಬಂದ. ಕಡಪಾ ಕಲ್ಲಿನ ಕಟ್ಟೆಯ ಕೆಳಗೆ ಅಂಗಾತ ಮಲಗಿ, ಅಲ್ಲಿಂದಲೇ ಕೂಗಿದ. "ಅಕ್ಕಾರ, ಎರಡೂ ಇಲ್ಲೇ ಕೂಡಿಸಿ ಒಂದ ಪೈಪ್ ಹೊರಗ ಬಿಡ್ತೇನ್ರಿ. ಎಲ್ಲಾ ಕಡೆ ಹಂಗ ಮಾಡ್ತಾರ."

"ಬ್ಯಾಡ. ಎರಡಕ್ಕೂ ಬ್ಯಾರೆ ಬ್ಯಾರೆ ಪೈಪ್ ಹಾಕು."

"ಯಾಕ್ರೀ? ಹೊರಗ ಬೀಳೂದು ಒಂದ ಗಟಾರಕ್ಕ ಅಲ್ರೀ?"

"ಬಲಗಡೆ ನೀರು ಎಡಗಡೆ ಏರಿ ಬರಬಾರ್ದು."

ಅವನು ಹೊರಗೆ ಸರಿದು ಎದ್ದು ಕೂತ. ಕೈಯೊರೆಸಿಕೊಳ್ಳುತ್ತ ಕೇಳಿದ, "ಬಲಗಡೆ ಅಂಥಾದ್ದೇನ ತೊಳೀತೀರ್ರಿ?"

ನಾನು ಒಲೆಯ ಕಡೆ ತಿರುಗಿ ಹಾಲು ಉಕ್ಕುತ್ತದೆಯೇನೋ ಎಂಬಂತೆ ನೋಡುತ್ತ ನಿಂತೆ. ಹಾಲು ಇನ್ನೂ ಬೆಚ್ಚಗೂ ಆಗಿರಲಿಲ್ಲ. "ಆತ್ರಿ" ಎಂದು ಅವನು ಮತ್ತೆ ಕೆಳಗೆ ಸರಿದ. ಪೈಪು ಬೇರೆ ಬೇರೆಯಾಗೇ ಹಾಕಿಕೊಟ್ಟ. ಅವನಿಗೆ ಚಹಾವನ್ನು ಅವನ ತಾಯಿಯ ವಾಟಗದಲ್ಲೇ ಕೊಟ್ಟಿದ್ದೆ. ಅದು ಕೆನೆಗಟ್ಟಿ ಆರಿಹೋಗಿ ಅಲ್ಲೇ ಉಳಿದಿತ್ತು.

ಗೃಹಪ್ರವೇಶದ ಮರುದಿನ ಹೋಳಿಗೆ ಉಳಿದಿದ್ದವು. ನಾನಿಬಾಯಿ ಮೊದಲು ಉಂಡು, ಆಮೇಲೆ ಮುಸುರೆ ತಿಕ್ಕಲು ನಿಂತಳು. ನಾನು ಅಡುಗೆಮನೆಗೆ ಬಂದಾಗ ಎಡಗಡೆ ಸೋಪಿನ ನೊರೆ, ಬಲಗಡೆ ತಿಳಿನೀರು. ಅಂಗಡಿಯವನು ಹೇಳಿದ್ದನ್ನು ಅಚ್ಚುಕಟ್ಟಾಗಿ ನೆನಪಿಟ್ಟುಕೊಂಡು, ಒಂದರಲ್ಲಿ ತಿಕ್ಕಿ ಇನ್ನೊಂದರಲ್ಲಿ ಜಾಲಿಸುತ್ತಿದ್ದಳು. ನಮ್ಮ ತಾಟುಗಳ ನಡುವೆ ಅವಳ ತಾಟೂ ಇತ್ತು. ಯಾರೂ ಹೇಳಬೇಕಾಗಿಲ್ಲ ಎಂದುಕೊಂಡದ್ದನ್ನು ಈಗ ನಾನೇ ಬಾಯಿಬಿಟ್ಟು ಹೇಳಬೇಕಾಯಿತು.

"ನಾನಿಬಾಯಿ, ಬಲಗಡೆದ್ದು ನಿನ್ನ ತಾಟಿಗೆ. ಅದರಾಗ ನಮ್ಮವು ಹಾಕಬ್ಯಾಡ. ನಮ್ಮ ಅತ್ತಿ ಅದಾರಲ್ಲ, ಅವರ ಸಲುವಾಗಿ..."

ಅತ್ತೆ ಮನೆಯಲ್ಲೇ ಇರಲಿಲ್ಲ. ಪೂಜೆ ಮುಗಿದ ಕೂಡಲೇ ಮುಂಡಗೋಡಿನ ಮಗಳ ಮನೆಗೆ ಹೋಗಿದ್ದರು.

ನಾನಿಬಾಯಿ ನಳ ನಿಲ್ಲಿಸಿದಳು. "ಮಾಲತೇಶ ಹೇಳಿದ್ದರಿ. ‘ಯಾಡಿ, ಅದನ್ನ ನಿನ್ನ ತಾಟಿನ ಸಲುವಾಗಿ ತಂದಾರ’ ಅಂದಿದ್ದ." ಅವರ ಮಾತಿನಲ್ಲಿ ಯಾಡಿ ಎಂದರೆ ತಾಯಿ. "ನಾ ಅವಂಗ ಬೈದ್ನಿರಿ. ನಮ್ಮ ಅಕ್ಕಾರು ಕಲ್ತವರು, ಅಂಥವರಲ್ಲ ಅಂತ ಬೈದು ಕಳಿಸಿದ್ನಿ."

ಅಷ್ಟು ಹೇಳಿ ತನ್ನ ತಾಟನ್ನು ತೆಗೆದು ಬೇರೆ ಇಟ್ಟಳು. ಜಾಲಿಸಿ ಇಟ್ಟಿದ್ದ ನಮ್ಮ ಪಾತ್ರೆಗಳನ್ನೆಲ್ಲ ಎಡಗಡೆಗೆ ಹಾಕಿಕೊಂಡು ಮೊದಲಿನಿಂದ ತಿಕ್ಕತೊಡಗಿದಳು. ನಾನು ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ. ನನಗೆ ನಾಚಿಕೆಯಾಗಿತ್ತು. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ, ಸದ್ಯ ಹೇಳಿ ಮುಗಿಯಿತಲ್ಲ ಎಂಬ ಸಮಾಧಾನವಿತ್ತು. ಆ ಸಮಾಧಾನ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ.

ಅಂದಿನಿಂದ ನಮ್ಮ ಮನೆಮಂದಿಯ ಪಾತ್ರೆಗಳನ್ನೆಲ್ಲ ಅವಳು ಆ ಒಂದು ಸಣ್ಣ ತೊಟ್ಟಿಯಲ್ಲೇ ತಿಕ್ಕುವುದು, ಅದರಲ್ಲೇ ಜಾಲಿಸುವುದು. ಅವಳು ಹೇಳಿದಂತೆಯೇ ದೊಡ್ಡ ಬೋಗೋಣಿ ಅದರಲ್ಲಿ ಹಿಡಿಯಲಿಲ್ಲ. ಅದನ್ನು ಹೊತ್ತುಕೊಂಡು ಗೇಟಿನ ಹತ್ತಿರದ ನಳಕ್ಕೆ ಹೋಗಿ, ರಸ್ತೆಯಲ್ಲಿ ಹೋಗಿಬರುವವರ ಎದುರು ಕುಕ್ಕರಗಾಲಲ್ಲಿ ಕೂತು ತಿಕ್ಕುತ್ತಿದ್ದಳು. ಊಟಕ್ಕೂ ಕೂರುತ್ತಿರಲಿಲ್ಲ. ಮೊಮ್ಮಕ್ಕಳಿಗೆ ಆಗುತ್ತದೆ ಎಂದು ರೊಟ್ಟಿ ಪಲ್ಯೆಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ನಾನು ಅದನ್ನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಒಂದು ತಿಂಗಳಿಗೆ ಅತ್ತೆ ಮರಳಿ ಬಂದರು. ಉಂಡೆದ್ದು ಸೀದಾ ಬಲಗಡೆಯ ತೊಟ್ಟಿಗೆ ಕೈ ಒಡ್ಡಿದರು.

"ಅತ್ತಿ, ಅಲ್ಲಿ ಬ್ಯಾಡ್ರಿ" ಎಂದು ಓಡಿ ಹೋದೆ. "ಅದು ನಾನಿಬಾಯಿ ತಾಟಿನ ಸಲುವಾಗಿ. ನಿಮಗ ನಡಿಯಂಗಿಲ್ಲ ಅಂತ..."

ಅತ್ತೆ ಒದ್ದೆಗೈಯಲ್ಲೇ ನನ್ನ ಕಡೆ ತಿರುಗಿದರು. "ನಾ ಹೇಳಿದ್ನೇನ ನಿನಗ?"

"ಹಳೆ ಮನ್ಯಾಗ ಇತ್ತಲ್ರೀ..."

"ಹಳೆ ಮನ್ಯಾಗಿನ ಕಲ್ಲು ನಮ್ಮತ್ತಿ ಇಟ್ಟಿದ್ದು. ಅದನ್ನ ಕಿತ್ತ ಒಗಿಯಾಕ ನನಗ ಧೈರ್ಯ ಆಗ್ಲಿಲ್ಲ, ನನ್ನ ತಪ್ಪ ಅದು. ಮನಿ ಬಿಡುಮುಂದ, ಕಲ್ಲೂ ಅಲ್ಲೇ ಉಳೀತಲ್ಲ ಅಂತ ಹಗೂರ ಆಗಿತ್ತ ನನಗ. ನೀ ಯಾಕ ಅದನ್ನ ಇಲ್ಲೀತನಕ ಹೊತ್ತು ತಂದೀಯವ್ವಾ?"

ಇಷ್ಟು ದಿನ ಯಾರ ಹೆಸರು ಹೇಳಿಕೊಂಡು ತಿರುಗಿದ್ದೆನೋ ಅವರೇ ನನ್ನೆದುರು ನಿಂತು ಕೇಳುತ್ತಿದ್ದರು. ಅವರು ಬಲಗಡೆಯಲ್ಲೇ ಕೈ ತೊಳೆದುಕೊಂಡರು. ಹೋಗುತ್ತ, "ಆಕಿ ಇಲ್ಲೆ ಉಣ್ತಾಳಿಲ್ಲೊ?" ಎಂದು ಕೇಳಿದರು.

ಮೂಲೆಯಲ್ಲಿದ್ದ ನಾನಿಬಾಯಿಯ ತಾಟು ತೆಗೆದು ನೋಡಿದೆ. ದಿನಾ ರೊಟ್ಟಿ ಬಡಿಯುವಾಗ ಹಾರಿದ ಜೋಳದ ಹಿಟ್ಟು ಅದರ ಮೇಲೆ ತೆಳ್ಳಗೆ ಕೂತಿತ್ತು. ಬೆರಳಾಡಿಸಿದರೆ ಗೆರೆ ಮೂಡಿತು. ಒಂದು ತಿಂಗಳಿಂದ ಅವಳು ನಮ್ಮ ಮನೆಯಲ್ಲಿ ಒಂದು ತುತ್ತೂ ತಿಂದಿರಲಿಲ್ಲ. ನಾನು ತಾಟು ಹಿಡಿದುಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ.

ಮರುದಿನ ಅವಳು ಬಂದಾಗ ಸುತ್ತಿ ಬಳಸದೆ ಹೇಳಿದೆ. "ನಾನಿಬಾಯಿ, ಅತ್ತಿ ಹೇಳಿದ್ದಲ್ಲ ಅದು, ನಂದ ಆಟ. ನನ್ನದು ತಪ್ಪಾತು. ಇವತ್ತಿನಿಂದ ಎರಡೂ ಕಡೆ ತೊಳಿ. ಇಲ್ಲೇ ನಮ್ಮ ಕೂಡ ಉಣ್ಣು."

"ಇರ್ಲಿ ಬಿಡ್ರಿ" ಎಂದಳು ಅವಳು. "ನಾ ಮನ್ಯಾಗ ಉಂಡ ಬರ್ತೇನ್ರಿ ಈಗ." ನಳ ಬಿಟ್ಟು ಎಡಗಡೆಯಲ್ಲೇ ತಿಕ್ಕತೊಡಗಿದಳು.

ಬಾಯಿಮಾತಿನಿಂದ ಆಗದ್ದನ್ನು ಮಾಡಿ ತೋರಿಸೋಣ ಎಂದುಕೊಂಡೆ. ನಾಷ್ಟಾ ಮಾಡಿದ ನನ್ನ ತಾಟನ್ನು ತಂದು, ಅವಳು ನೋಡುತ್ತಿದ್ದ ಹಾಗೆಯೇ ಬಲಗಡೆಯ ತೊಟ್ಟಿಯಲ್ಲಿ ಇಟ್ಟೆ.

ನಾನಿಬಾಯಿ ಸೋಪಿನ ಕೈಯಿಂದಲೇ ಅದನ್ನು ಎತ್ತಿ ಎಡಗಡೆಗೆ ಹಾಕಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನೀರೆರೆಯುವಾಗ ನನ್ನ ಕೂಸಿಗೆ ಹೇಳುತ್ತಿದ್ದಷ್ಟೇ ಮೆತ್ತಗೆ ಹೇಳಿದಳು.

"ಅಕ್ಕಾರ, ಅದು ನಿಮ್ಮದಲ್ರಿ. ಅದು ನಂದು."