ಹತ್ತೊಂಬತ್ತನ್ನು ಸೋಲಿಸಿದ ಹದಿನೈದು

ಪರದೇಶಕ್ಕೆ ವಲಸೆ ಬಂದು ಡ್ಯಾಂಡೆನಾಂಗ್ ಊರಲ್ಲಿ ನೆಲೆಸಿದ್ದ ಆ ಮನೆಯಲ್ಲಿ ಇಬ್ಬರು ಸೊಸೆಯಂದಿರು. ಹಿರಿಯಳು ಸಕೀನಾ, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಈಗ ರೊಟ್ಟಿ ಅಂಗಡಿಯ ತಂದೂರಿನ ಮುಂದೆ ಬೇಯುವವಳು. ಕಿರಿಯಳು ನಜೀಬಾ, ಕಾಬೂಲಿನಲ್ಲಿ ಟೀಚರಾಗಿದ್ದವಳು. ಇಬ್ಬರೂ ಪೌರತ್ವ ಪರೀಕ್ಷೆಗೆ ಒಂದೇ ದಿನ ಹೆಸರು ಬರೆಸಿದ್ದರು. ಅರವತ್ತು ದಾಟಿದ ಅತ್ತೆಗೆ ಪರೀಕ್ಷೆಯ ಗೊಡವೆಯೇ ಇರಲಿಲ್ಲ. ಅವಳ ಪಾಸ್‌ಪೋರ್ಟು ಆಗಲೇ ಪೆಟ್ಟಿಗೆಯಲ್ಲಿ ಬೆಚ್ಚಗಿತ್ತು.

"ಇಬ್ಬರಲ್ಲಿ ಯಾರು ಮೊದಲು ಪಾಸಾಗ್ತಾಳೋ ಅವಳನ್ನ ಕರ್ಕೊಂಡು ಮಶಹದ್ ಯಾತ್ರೆಗೆ ಹೋಗ್ತೀನಿ," ಎಂದಿದ್ದಳು ಅತ್ತೆ.

ಮಶಹದ್‌ನಲ್ಲಿ ಸಕೀನಾಳ ಬೆನ್ನಿಗೆ ಬಿದ್ದ ತಂಗಿಯಿದ್ದಳು. ಮುಖ ನೋಡಿ ಹನ್ನೊಂದು ವರ್ಷ.

ದಿನಾ ಸಂಜೆ ಹಸಿರು ಚಹಾ ಮುಗಿದ ಮೇಲೆ ನಜೀಬಾ ಫೋನಿನಲ್ಲಿ ಅಭ್ಯಾಸದ ಪ್ರಶ್ನೆ ಬಿಡಿಸುವಳು. ಅತ್ತೆ ಅಂಟಿಕೊಂಡೇ ಕೂರುವಳು. ನಜೀಬಾಗೆ ದಿನಾ ಇಪ್ಪತ್ತಕ್ಕೆ ಹತ್ತೊಂಬತ್ತು. ತಪ್ಪುತ್ತಿದ್ದುದು ಒಂದೇ: ಮದುವೆಯಾಗೋದು ಬಿಡೋದು ಅವರವರ ಇಷ್ಟವೇ? ನಜೀಬಾ ಅತ್ತೆಯ ಮುಖ ನೋಡಿ 'ಹಿರಿಯರ ಒಪ್ಪಿಗೆ ಬೇಕು' ಎಂಬುದನ್ನು ಒತ್ತುವಳು.

"ಭೇಷ್! ಮರ್ಯಾದಸ್ಥರ ಮನೆ ಹೆಣ್ಣು!" ಎಂದು ಅತ್ತೆ ಒಂದು ಹಿಡಿ ಒಣ ಹಿಪ್ಪುನೇರಳೆ ಹಣ್ಣು ಅವಳ ಮಡಿಲಿಗೆ ಸುರಿಯುವಳು.

"ಒಂದು ಹೋದ್ರೆ ಹೋಗ್ಲಿ ಬಿಡಿ ಅತ್ತೆ, ಹದಿನೈದು ಬಂದ್ರೆ ಸಾಕಂತೆ," ಎನ್ನುವಳು ನಜೀಬಾ.

"ಸಕೀನಾ, ನಿಂದೆಷ್ಟು? ಹದಿನಾಲ್ಕಾ? ನಿನ್ನ ಕೈಗೆ ಹಿಟ್ಟು ಕಲಸೋದೇ ಸರಿ ಕಣೆ!"

ಆ ಹಿಪ್ಪುನೇರಳೆ ಸಕೀನಾಳ ಮಡಿಲಿಗೆ ಒಮ್ಮೆಯೂ ಬಿದ್ದದ್ದಿಲ್ಲ. ಅವಳೊಳಗಿನ ಕೆಂಡದ ಮೇಲೆ ದಿನಕ್ಕೊಂದು ಸೌದೆ ಬೀಳುತ್ತಿತ್ತು.

ಆದರೆ ಸಕೀನಾಗೆ ಒಂದು ಗುಟ್ಟು ಗೊತ್ತಿತ್ತು. ನಜೀಬಾ ಮೂಗು ಮುರಿದು ಬಿಟ್ಟಿದ್ದ, ಪರೀಕ್ಷೆಗೆ ತಯಾರು ಮಾಡುವ ಹೆಂಗಸರ ಕ್ಲಾಸಿನಲ್ಲಿ ಟೀಚರಮ್ಮ ಹೇಳಿದ್ದರು: "ಇಪ್ಪತ್ತು ಬಾಗಿಲಿನ ಅರಮನೆ ಅಂದ್ಕೊಳ್ಳಿ. ಹದಿನೈದು ತೆರೆದ್ರೆ ಒಳಗೆ ಬರಬಹುದು. ಆದ್ರೆ ಈ ದೇಶದ ಮೌಲ್ಯಗಳ ಬಗ್ಗೆ ಕೇಳೋ ಐದು ಬಾಗಿಲಿದಾವಲ್ಲ, ಅವು ಐದೂ ತೆರೀಲೇಬೇಕು. ಒಂದು ಮುಚ್ಚಿದ್ರೂ ಹತ್ತೊಂಬತ್ತಕ್ಕೂ ಬೆಲೆಯಿಲ್ಲ." ಮದುವೆಯ ಪ್ರಶ್ನೆ ಆ ಐದರಲ್ಲೊಂದು.

ಹೇಳಿಬಿಡೋಣ ಎಂದು ಒಂದು ಸಂಜೆ ಸಕೀನಾ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ನಜೀಬಾಳ ಹಣೆಗೆ ಮುತ್ತಿಟ್ಟಳು. ಸಕೀನಾ ಮಾತನ್ನು ಲೋಟದ ತಳದಲ್ಲುಳಿದ ಚಹಾದ ಜೊತೆ ನುಂಗಿದಳು.

ಪರೀಕ್ಷೆಯ ದಿನ ಅದೇ ಪ್ರಶ್ನೆ ಬಂತು. ಪಕ್ಕದಲ್ಲಿ ಅತ್ತೆ ಇರಲಿಲ್ಲ, ಆದರೂ ನಜೀಬಾಳ ಬೆರಳು ರೂಢಿಯಾದ ಕಡೆಗೇ ಹೋಯಿತು. ಸಕೀನಾಗೆ ಹದಿನೈದು, ಪಾಸು. ನಜೀಬಾಗೆ ಹತ್ತೊಂಬತ್ತು, ಫೇಲು.

"ಅಕ್ಕಾ, ಹತ್ತೊಂಬತ್ತು ದೊಡ್ಡದಲ್ವಾ?" ಎಂದು ದಾರಿಯುದ್ದಕ್ಕೂ ನಜೀಬಾ ಕಾಗದ ತಿರುಗಿಸಿ ಮುರುಗಿಸಿ ನೋಡಿದಳು.

ಅತ್ತೆಯಂತೂ ನಂಬಲೇ ಇಲ್ಲ. "ಅವರ ಮೆಷಿನ್ನೇ ಕೆಟ್ಟಿರಬೇಕು! ಹತ್ತೊಂಬತ್ತರವಳನ್ನ ಬಿಟ್ಟು ಹದಿನೈದರವಳ ಜೊತೆ ಹೋಗ್ಲಾ? ನಜೀಬಾ ಇನ್ನೊಂದ್ಸಲ ಬರೀಲಿ, ಕಾಯ್ತೀನಿ."

ಸಕೀನಾಳ ಕೆಂಡ ಧಗ್ಗೆಂದಿತು.

"ಕಾಯಿರಿ ಅತ್ತೆ. ನೀವು ಪಕ್ಕದಲ್ಲಿ ಕೂತಿರೋ ತನಕ ಅವಳು ಪಾಸಾಗಲ್ಲ!" ಎಂದವಳೇ ಐದು ಬಾಗಿಲಿನ ಮಾತನ್ನೆಲ್ಲ ಹೊರಗೆ ಹಾಕಿದಳು.

ನಜೀಬಾ ಮೆಲ್ಲಗೆ ಕೇಳಿದಳು. "ನಿಂಗೆ ಮೊದಲೇ ಗೊತ್ತಿತ್ತಾ, ಅಕ್ಕ?"

"ಗೊತ್ತಿತ್ತು."

ನಜೀಬಾ ಅಳಲಿಲ್ಲ. ಫೋನು ಎತ್ತಿಕೊಂಡು ಎದ್ದಳು. "ಆಡಿದ ಮಾತು ಮುರೀಬೇಡಿ ಅತ್ತೆ, ಅವಳನ್ನೇ ಕರ್ಕೊಂಡು ಹೋಗಿ. ತಂಗೀನ ನೋಡ್ಲಿ," ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅತ್ತೆ ಕೊನೆಗೆ "ರಂಜಾನ್ ಕಳೀಲಿ, ಹೊರಡೋಣ," ಎಂದಳು. ಸಕೀನಾಳ ಮುಂದೆ ಹಿಪ್ಪುನೇರಳೆಯ ತಟ್ಟೆಯನ್ನೂ ಸರಿಸಿದಳು. ಎಷ್ಟು ದಿನ ಬಯಸಿದ ಹಣ್ಣು! ಬಾಯಿಗಿಟ್ಟರೆ ಮರಳು ಜಗಿದಂತಾಯಿತು. ಅಲ್ಲಿನ ತಂಗಿ ಸಿಕ್ಕಳು, ಇಲ್ಲಿ ಅಕ್ಕಾ ಎನ್ನುತ್ತಿದ್ದವಳು ಬಾಗಿಲು ಹಾಕಿದಳು. ಹೋಗಿ ತಟ್ಟಬೇಕು ಎಂದು ಸಕೀನಾ ತಟ್ಟೆ ಹಿಡಿದು ಎದ್ದು ಕೋಣೆಯ ಮುಂದೆ ನಿಂತಳು.

ಒಳಗಿನಿಂದ ನಜೀಬಾಳ ಕೂಗು ಬಂತು. "ಇಪ್ಪತ್ತಕ್ಕೆ ಇಪ್ಪತ್ತು!"

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಅಯ್ಯೋ, ಆರಿತೆಂದುಕೊಂಡಿದ್ದ ಹಾಳು ಕೆಂಡ ಮತ್ತೆ ಧಗ್ಗೆಂದಿತಲ್ಲ!